ಆಚೆ ದಡವಿಲ್ಲದ ನೀರಿಗೆ ಹೋಗಿಬಂದ ಪುಟ್ಟಯ್ಯ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇನ್ನೂ ಬೆಳಗಿನ ಕೂಗು ಹಾಕಿಲ್ಲ. ಹೊಳೆಯ ಮೇಲೆ ಮಂಜು ಹಾಗೆಯೇ ಇದೆ. ದಡದಲ್ಲಿ ಬೋರಲು ಹಾಕಿದ ಹರಿಗೋಲಿನ ಸುತ್ತ ಪುಟ್ಟಯ್ಯ ಒಂದು ಸುತ್ತು ಬರುತ್ತಾನೆ. ಅಂಗೈಯಲ್ಲಿ ಅದರ ಚರ್ಮವನ್ನು ಅಲ್ಲಲ್ಲಿ ತಟ್ಟಿ, ಎಲ್ಲಿಯೂ ಮೆತ್ತಗಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾನೆ. ಆಮೇಲೆ ಹೊಂಗೆಮರದ ಬುಡಕ್ಕೆ ಬಿಗಿದ ಹಗ್ಗ ಬಿಚ್ಚುತ್ತಾನೆ. ಗಂಟು ಮೂರು ಸುತ್ತಿನದು, ಬಿಚ್ಚಲು ಹೊತ್ತು ಹಿಡಿಯುತ್ತದೆ. ಅವನ ಅಪ್ಪನ ಕಾಲದಿಂದಲೂ ಹೊಳೆ ದಾಟಿಸುವ ಈ ಕಡವಿನಲ್ಲಿ ಹರಿಗೋಲನ್ನು ಯಾರೂ ಕಟ್ಟಿದ್ದಿಲ್ಲ. ನೀರಿನಿಂದ ಒಂದು ಮಾರು ಮೇಲಕ್ಕೆ ಎಳೆದು ಬೋರಲು ಹಾಕಿದರೆ ಮುಗಿಯಿತು, ಸಂಕ್ರಾಂತಿ ಕಳೆದ ಮೇಲೆ ಭದ್ರೆ ಇಳಿಯುತ್ತಾಳೆಯೇ ಹೊರತು ಏರುವವಳಲ್ಲ.

"ಏರದೇ ಇರೋ ಹೊಳೇಲಿ ಹರಿಗೋಲನ್ನ ಎಮ್ಮೆ ಕಟ್ಟಿದಂಗೆ ಕಟ್ಟಿ ಮಲಗ್ತಾರೆ," ಎನ್ನುತ್ತಾಳೆ ಹೆಂಡತಿ ಹುಚ್ಚಮ್ಮ, ಗುಡಿಸಲ ಬಾಗಿಲಲ್ಲಿ ಕೂತು ರಾಗಿ ಅಂಬಲಿ ಆರಿಸುತ್ತ. "ಸಮುದ್ರಕ್ಕೆ ಹೋಗಿ ಬಂದಾಗಿನಿಂದ ಹಿಂಗೇ."

ಪುಟ್ಟಯ್ಯ ಅಂಬಲಿ ಕುಡಿದು, ಹುಟ್ಟನ್ನು ಹೆಗಲಿಗೇರಿಸಿ, ಹರಿಗೋಲನ್ನು ನೀರಿಗೆ ತಳ್ಳಿ ಆಚೆ ದಡಕ್ಕೆ ಹೊರಡುತ್ತಾನೆ. ಹೊರಡುವ ಮುಂಚೆ ಒಮ್ಮೆ ತಿರುಗಿ ನ್ಯೂ ಟೌನಿನ ಕಡೆಯಿಂದ ಬರುವ ದಾರಿಯನ್ನು ನೋಡುತ್ತಾನೆ. ಇವತ್ತು ಶುಕ್ರವಾರ. ದಾರಿಯಲ್ಲಿ ಯಾರೂ ಇಲ್ಲ.

ಭದ್ರಾವತಿಯಲ್ಲಿ ಕಬ್ಬಿಣ ಕಾಯಿಸುವವರ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ಆ ಕಬ್ಬಿಣ ಕಾಯಿಸುವವರನ್ನು ಕಾರ್ಖಾನೆಯ ದಡಕ್ಕೆ ತಂದು ಬಿಡುವವನ ಬಗ್ಗೆ ಯಾರೂ ಬರೆದದ್ದು ಕಾಣೆ. ಆಚೆ ದಡದ ಹಳ್ಳಿಯಿಂದ ಪೇಟೆಯ ಸೇತುವೆಗೆ ಬಳಸಿಕೊಂಡು ಬರಬೇಕೆಂದರೆ ಅರ್ಧ ಬೆಳಗು ಹೋಗುತ್ತದೆ, ಹರಿಗೋಲಿನಲ್ಲಾದರೆ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ದಿನಕ್ಕೆ ಎಷ್ಟು ಸಲ ಹೊಳೆ ದಾಟುತ್ತೀಯೆಂದು ಕೇಳಿದರೆ ಪುಟ್ಟಯ್ಯ ನಗುತ್ತಾನೆ. "ಎಣಿಸಿದ್ರೆ ತೋಳು ನೋಯೋಕೆ ಶುರುವಾಗ್ತದೆ. ಎಣಿಸದೇ ಇದ್ರೆ ನೋಯಲ್ಲ." ಹಳ್ಳಿಯವರು ಸುಗ್ಗಿಯಲ್ಲಿ ಮನೆಗಿಷ್ಟು ಎಂದು ಭತ್ತ ಅಳೆದು ಕೊಡುತ್ತಾರೆ. ಮಳೆಗಾಲ ಕೆಟ್ಟದಾದರೆ ಹೊಳೆಯೂ ಇಲ್ಲ, ಭತ್ತವೂ ಇಲ್ಲ. ಹೊಳೆ ತುಂಬಿ ಬಂದರೆ ಹರಿಗೋಲು ಹಾಕುವಂತಿಲ್ಲ. ಇವೆರಡರ ನಡುವೆ ಸಿಗುವ ತಿಂಗಳುಗಳಲ್ಲಿ ಗಂಡ ಹೆಂಡತಿಯ ಜೀವನ.

ಆಚೆ ದಡದಲ್ಲಿ ಮಸಿ ಹಿಡಿದ ಅಂಗಿಯ ಕರಿಯಣ್ಣ ಕಾಯುತ್ತಿದ್ದಾನೆ. ಕುಲುಮೆಯ ಕೆಲಸದವನು. ಅವನ ಪಕ್ಕದಲ್ಲಿ ಮೊಸರು ಮಾರುವ ಹೂವಮ್ಮ, ಎರಡು ಗಡಿಗೆ ಸಮೇತ. ಜೊತೆಗೆ ನಾಲ್ಕಾರು ಜನ ಕೂಲಿಯವರು. ಪುಟ್ಟಯ್ಯ ಒಬ್ಬೊಬ್ಬರ ಮೈ ನೋಡಿ ಜಾಗ ತೋರಿಸುತ್ತಾನೆ. ದಪ್ಪನವರು ಎದುರುಬದುರು, ಗಡಿಗೆಗಳು ನಡುವೆ. ಹರಿಗೋಲು ಗುಂಡಗಿನ ದೋಣಿ, ತೂಕ ತಪ್ಪಿದರೆ ಬುಗುರಿಯಂತೆ ಸುತ್ತತೊಡಗುತ್ತದೆ.

"ಪುಟ್ಟಯ್ಯಣ್ಣ, ನೀರು ಏರ್ತಾ ಇದೆಯಾ ನೋಡಪ್ಪ," ಎಂದು ಕೂಲಿಯವರಲ್ಲೊಬ್ಬ ಹೇಳುತ್ತಾನೆ. ಉಳಿದವರು ಮುಖ ಆ ಕಡೆ ತಿರುಗಿಸಿ ನಗುತ್ತಾರೆ.

"ಬಾಯಿ ಮುಚ್ಚಿಕೊಂಡು ಕೂತ್ಕೊ ಮಾರಾಯ," ಎಂದು ಕರಿಯಣ್ಣ ಗದರುತ್ತಾನೆ. ಪುಟ್ಟಯ್ಯ ಮಾತ್ರ ಹುಟ್ಟು ಹಾಕುತ್ತಲೇ ಇರುತ್ತಾನೆ. ಈ ನಗೆ ಅವನಿಗೆ ಅಭ್ಯಾಸವಾಗುತ್ತಾ ಬಂದಿದೆ. ಅಭ್ಯಾಸವಾಗದೇ ಇರುವುದು ಶುಕ್ರವಾರದ ಆ ಖಾಲಿ ದಾರಿ ಒಂದೇ.

ಆ ದಾರಿಯಲ್ಲಿ ಬರಬೇಕಾದವರು ನ್ಯೂ ಟೌನಿನ ಸೀತಾಲಕ್ಷ್ಮಮ್ಮ. ಅವರ ಯಜಮಾನರು ಗಂಗಾಧರಪ್ಪನವರು ಕಾರ್ಖಾನೆಯಲ್ಲಿ ಇಂಜಿನಿಯರು. ಆಕೆಗೆ ನೀರೆಂದರೆ ಹುಟ್ಟಾ ಹೆದರಿಕೆ, ಆದರೆ ಹರಕೆ ಹೊತ್ತ ಚೌಡಮ್ಮನ ಗುಡಿ ಇರುವುದು ಆಚೆ ದಡದಲ್ಲಿ. ಮೊದಲ ಸಲ ದಾಟಿಸುವಾಗ ಕಣ್ಣು ಮುಚ್ಚಿಕೊಂಡು ಕೂತಿದ್ದವರು ಪುಟ್ಟಯ್ಯನನ್ನು ಕೇಳಿದ್ದು ಒಂದೇ ಮಾತು: "ಹೊಳೆಯ ನಡು ಬಂದಾಗ ಹೇಳ್ತೀಯಾ? ಅರಿಶಿನ ಕುಂಕುಮ ಬಿಡಬೇಕು." ಪುಟ್ಟಯ್ಯ ಸರಿಯಾಗಿ ನಡು ಬಂದಾಗ "ನಡು ಬಂತು ಅಮ್ಮಾರೆ" ಎಂದಿದ್ದ. ಆಕೆ ಕಣ್ಣು ಬಿಟ್ಟು, ವೀಳ್ಯದೆಲೆಯಲ್ಲಿ ತಂದದ್ದನ್ನು ನೀರಿಗೆ ಬಿಟ್ಟು, ಮತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಅಂದಿನಿಂದ ಎಷ್ಟೋ ವರ್ಷ ಪ್ರತಿ ಶುಕ್ರವಾರ ಇದು ನಡೆಯಿತು. ಬರಬರುತ್ತಾ ಕಣ್ಣು ತೆರೆದೇ ಕೂರತೊಡಗಿದರು. ನಡು ಎಲ್ಲಿದೆಯೆಂದು ಆಕೆಗೂ ಗೊತ್ತಾಗಿರಬೇಕು, ಆದರೂ ಪುಟ್ಟಯ್ಯ ಹೇಳುವವರೆಗೆ ಎಲೆ ಬಿಡುತ್ತಿರಲಿಲ್ಲ.

ಎಡವಟ್ಟಾದದ್ದು ಈ ನಂಬಿಕೆಯಿಂದಲೇ.

ಗಂಗಾಧರಪ್ಪನವರಿಗೆ ಎಲ್ಲಿಯೋ ಓದಿದ ಒಂದು ಹುಚ್ಚು ಹಿಡಿದಿತ್ತು. ಪರದೇಶದ ಸಿರಿವಂತ ದಂಪತಿಗಳು ಸ್ನೇಹಿತರನ್ನು ಕಟ್ಟಿಕೊಂಡು ಹಡಗು ಹತ್ತುತ್ತಾರಂತೆ, ಬೆಚ್ಚಗಿನ ಸಮುದ್ರದಲ್ಲಿ ಒಂದು ನಡುಗಡ್ಡೆಯಿಂದ ಇನ್ನೊಂದಕ್ಕೆ ಹೋಗುತ್ತಾ, ಇಳಿಯುತ್ತಾ, ಉಣ್ಣುತ್ತಾ ರಜಾ ಕಳೆಯುತ್ತಾರಂತೆ. ನಮಗೇನು ಕಡಿಮೆ, ಘಟ್ಟ ಇಳಿದರೆ ಸಮುದ್ರವಿಲ್ಲವೇ, ಸಮುದ್ರದಲ್ಲಿ ನಡುಗಡ್ಡೆಗಳಿಲ್ಲವೇ ಎಂದು ಅವರು ಶಿವಮೊಗ್ಗದ ಸ್ನೇಹಿತ ಭೈರಪ್ಪನವರನ್ನು ಒಪ್ಪಿಸಿದರು. ಭೈರಪ್ಪನವರಿಗೆ ಸವಳಂಗ ರಸ್ತೆಯಲ್ಲಿ ದೊಡ್ಡ ಅಂಗಡಿ, ಓಡಾಡಲು ಮೋಟಾರು, ಮಾತಾಡಲು ಬೇಕಾದಷ್ಟು ಬಾಯಿ. ಅವರ ಹೆಂಡತಿ ಪದ್ಮಮ್ಮನವರೂ ಹೊರಟರು. ಸೀತಾಲಕ್ಷ್ಮಮ್ಮ ಮಾತ್ರ ಒಂದು ಷರತ್ತು ಹಾಕಿದರು. ನೀರಿಗೆ ಇಳಿಯುವುದಾದರೆ ಪುಟ್ಟಯ್ಯ ಜೊತೆಗಿರಬೇಕು.

ನೀರು ನೀರೇ ತಾನೇ ಎಂದು ಆಗ ಎಲ್ಲರೂ ಅಂದುಕೊಂಡರು, ಇಂಜಿನಿಯರೂ ಸೇರಿ. ಪುಟ್ಟಯ್ಯನೂ ಹಾಗೇ ಅಂದುಕೊಂಡು ತನ್ನ ಹುಟ್ಟನ್ನು ಮೋಟಾರಿನ ಮೇಲೆ ಕಟ್ಟಿಸಿದ. ಕಡವನ್ನು ಅಷ್ಟು ದಿನ ನೋಡಿಕೊಳ್ಳಲು ಭಾವಮೈದುನ ಬಂದ. ಸಾಗರದ ಪೇಟೆ ದಾಟಿ, ಗೇರುಸೊಪ್ಪೆಯ ಘಟ್ಟ ಇಳಿದು, ಹೊನ್ನಾವರದಲ್ಲಿ ಒಂದು ಮಂಜಿಯನ್ನು, ಎಂದರೆ ಹಾಯಿ ಕಟ್ಟಿದ ದೊಡ್ಡ ದೋಣಿಯನ್ನು, ಬಾಡಿಗೆಗೆ ಹಿಡಿದರು. ಅದನ್ನು ನಡೆಸುವ ಮುಖ್ಯಸ್ಥನಿಗೆ ಅಲ್ಲಿ ತಾಂಡೇಲ ಎನ್ನುತ್ತಾರೆ. ತಾಂಡೇಲ ಪುಟ್ಟಯ್ಯನ ಹುಟ್ಟನ್ನು ಕೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ಮರ್ಯಾದೆಯಿಂದಲೇ ವಾಪಸು ಕೊಟ್ಟ.

ಆ ಸಮುದ್ರದ ಬಗ್ಗೆ ಕೇಳಿದರೆ ಪುಟ್ಟಯ್ಯ ಈಗಲೂ ಮೊದಲು ಹುಟ್ಟನ್ನು ಕೆಳಗಿಡುತ್ತಾನೆ. ಕೈಯಲ್ಲಿ ಹಿಡಿದುಕೊಂಡು ಹೇಳಲು ಆಗುವುದಿಲ್ಲವೋ ಏನೋ.

"ಮೊದಲು ನಾನು ಆಚೆ ದಡ ಹುಡುಕಿದೆ," ಎನ್ನುತ್ತಾನೆ. "ನೀರು ಅಂದ್ಮೇಲೆ ಆಚೆ ದಡ ಇರಬೇಕಲ್ಲ. ಕಾಣ್ಲಿಲ್ಲ. ತಾಂಡೇಲನ್ನ ಕೇಳ್ದೆ, ಆಚೆ ದಡದಲ್ಲಿ ಯಾವ ಊರು ಅಂತ. ಅರಬಸ್ತಾನ ಅಂದ. ಎಷ್ಟು ಹೊತ್ತಾಗ್ತದೆ ಅಂದೆ. ಅವನು ನಕ್ಕುಬಿಟ್ಟ."

ಅವನ ಗೊಂದಲ ಅಲ್ಲಿಗೇ ಮುಗಿಯಲಿಲ್ಲ. ಮಂಜಿ ಹೊರಟಾಗ ಸೀತಾಲಕ್ಷ್ಮಮ್ಮ ವೀಳ್ಯದೆಲೆಯಲ್ಲಿ ಅರಿಶಿನ ಕುಂಕುಮ ಹಿಡಿದು ಅವನ ಪಕ್ಕದಲ್ಲಿ ಕೂತರು. ನಡು ಬಂದಾಗ ಹೇಳಬೇಕಲ್ಲ. ಪುಟ್ಟಯ್ಯ ಹಿಂದೆ ನೋಡಿದ, ದಡ ಕಂಡಿತು. ಮುಂದೆ ನೋಡಿದ, ನೀರು. ಒಂದೇ ದಡ ಇರುವ ನೀರಿಗೆ ನಡು ಎಲ್ಲಿಂದ ತರುವುದು? ಆಕೆ ಒಮ್ಮೆ ಕೇಳಿದರು, "ಬಂತಾ ಪುಟ್ಟಯ್ಯ?" ಅವನು "ಇನ್ನೂ ಇಲ್ಲ ಅಮ್ಮಾರೆ" ಎಂದ. ಎರಡನೆಯ ಸಲ ಕೇಳಿದಾಗ ಮತ್ತೆ ಹಿಂದೆ ಮುಂದೆ ನೋಡಿದ. ಎಲೆ ಬಿಸಿಲಿಗೆ ಬಾಡಿತು. ಮೊದಲ ನಡುಗಡ್ಡೆಯಲ್ಲಿ ಇಳಿದಾಗ ಆಕೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡದ್ದನ್ನು ಪುಟ್ಟಯ್ಯ ನೋಡಿದ. ಅವನಿಗೆ ಸಂಕಟವಾಯಿತು.

ಉಳಿದವರು ಮಾತ್ರ ಸುಖವಾಗಿದ್ದರು. ಭೈರಪ್ಪನವರು ಕೋಡುಬಳೆಯ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಪದ್ಮಮ್ಮನವರು ಹೊಟ್ಟೆ ತೊಳಸಿದಾಗಲೆಲ್ಲ ಉಪ್ಪಿನಕಾಯಿ ಚಪ್ಪರಿಸುತ್ತಾ ಕಾಲ ತಳ್ಳಿದರು. ಗಂಗಾಧರಪ್ಪನವರು ದುರ್ಬೀನು ಹಿಡಿದು ಹಕ್ಕಿಗಳಿಗೆಲ್ಲ ಹೆಸರು ಹೇಳಿದರು. ಮಂಜಿ ಆಳದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು, ಅದರ ಹಿಂದೆ ಕಟ್ಟಿದ ಒಂದು ಚಿಕ್ಕ ದೋಣಿಯಲ್ಲಿ ಇವರು ನಡುಗಡ್ಡೆಗೆ ಹೋಗಬೇಕು. ಎರಡನೆಯ ನಡುಗಡ್ಡೆಯ ಹೊತ್ತಿಗೆ ಆ ಚಿಕ್ಕ ದೋಣಿಯನ್ನು ನಡೆಸುವ ಕೆಲಸವನ್ನು ಪುಟ್ಟಯ್ಯ ಕೇಳಿ ಪಡೆದುಕೊಂಡ. ಸುಮ್ಮನೆ ಕೂತು ಊಟ ಮಾಡುವುದು ಅವನಿಗೆ ನಾಚಿಕೆ.

ಅಲ್ಲಿ ದೋಣಿಯನ್ನು ನೀರಂಚಿನಲ್ಲಿ ನಿಲ್ಲಿಸಿ, ಅಡುಗೆಗೆ ಸೌದೆ ಆಯ್ದು ಬಂದು ನೋಡಿದರೆ, ದೋಣಿ ಒಣ ಮರಳಿನ ಮೇಲೆ ಕೂತಿತ್ತು. ನೀರು ಅಷ್ಟು ದೂರ ಹೋಗಿತ್ತು. ತಾಂಡೇಲನ ಆಳುಗಳು ತಮಾಷೆಗೆ ಎಳೆದಿಟ್ಟಿರಬೇಕೆಂದು ಅವನು ಅಂದುಕೊಂಡ. ಆಳುಗಳು ಮಂಜಿಯಿಂದ ಇಳಿದೇ ಇರಲಿಲ್ಲ. ಹಾಗಾದರೆ ಮೇಲೆ ಯಾರೋ ಗದ್ದೆಗೆ ನೀರು ತಿರುಗಿಸಿಕೊಂಡಿದ್ದಾರೆ ಎಂದು ತೀರ್ಮಾನಿಸಿದ. ಎಲ್ಲರೂ ಸೇರಿ ದೋಣಿಯನ್ನು ನೀರಿಗೆ ನೂಕಿದರು, ನಕ್ಕರು. ಬಿಡಿಸಿ ಹೇಳಬೇಕಾದವರು ಯಾರೂ ಹೇಳಲಿಲ್ಲ. ಅಂಬಿಗನಿಗೆ ನೀರಿನ ವಿಷಯ ಹೇಳಬೇಕಾದೀತೆಂದು ಯಾರಿಗೆ ಹೊಳೆಯುತ್ತದೆ?

ಮೂರನೆಯ ನಡುಗಡ್ಡೆ ಚಿಕ್ಕದು. ಒಂದಿಷ್ಟು ಮರಳು, ಅದರ ಹಿಂದೆ ಕಪ್ಪು ಬಂಡೆಗಳು. ಪುಟ್ಟಯ್ಯ ಈ ಸಲ ಬುದ್ಧಿವಂತಿಕೆ ತೋರಿಸಿದ. ನೀರು ಇಳಿದು ದೋಣಿ ಸಿಕ್ಕಿಕೊಂಡರೆ ಮತ್ತೆ ನೂಕಬೇಕಲ್ಲ ಎಂದು ಅದನ್ನು ನೀರಂಚಿಗೆ ಹತ್ತಿರವೇ, ಮೂತಿ ಮಾತ್ರ ಮರಳಿಗೆ ತಾಗುವಂತೆ ಬಿಟ್ಟ. ಹಗ್ಗ ಕಟ್ಟಲಿಲ್ಲ. ಹೊಳೆಯವನು ಇಳಿಯುವ ನೀರಿಗೆ ಹಗ್ಗ ಕಟ್ಟುವುದಿಲ್ಲ.

ನೀರು ಏರಿತು.

"ಮಳೆ ಇಲ್ಲ, ಮೋಡ ಇಲ್ಲ. ಮೇಲಿಂದ ಕೆಂಪು ನೀರು ಬರ್ತಾ ಇಲ್ಲ. ಹೊಳೆ ಏರೋದಾದ್ರೆ ಮುಂಚೆ ಕಸ ಕಡ್ಡಿ ಬರ್ತದೆ, ವಾಸನೆ ಬರ್ತದೆ. ಇಲ್ಲಿ ಏನೂ ಇಲ್ಲ. ಸುಮ್ಮನೆ ಏರ್ತು," ಎನ್ನುತ್ತಾನೆ ಪುಟ್ಟಯ್ಯ. "ನಾನು ನೋಡ್ತಾ ನಿಂತಿದೀನಿ, ನನ್ನ ಕಣ್ಣೆದುರಿಗೇ ದೋಣಿ ಎದ್ದು ಹೊರಟುಹೋಯ್ತು."

ಭೈರಪ್ಪನವರು ಕೂಗಿದರು, "ಈಜಿ ಹಿಡಿಯೋ, ನಿಂತು ಏನು ನೋಡ್ತೀಯ?" ಪುಟ್ಟಯ್ಯ ಸೊಂಟದ ಮಟ್ಟ ನೀರಿಗೆ ಇಳಿದ. ದೋಣಿ ಅಷ್ಟೇನೂ ದೂರವಿರಲಿಲ್ಲ. ಭದ್ರೆಯಲ್ಲಾಗಿದ್ದರೆ ಎರಡು ಉಸಿರಿಗೆ ಮುಟ್ಟುತ್ತಿದ್ದ. ಆದರೆ ಅಲ್ಲಿಯೇ ನಿಂತ. ಹಿಂದೆ ತಿರುಗಿ ನೋಡಿದ. ಮರಳು ಸಣ್ಣದಾಗುತ್ತಿತ್ತು, ನಾಲ್ಕೂ ಜನ ಬಂಡೆಯ ಕಡೆಗೆ ಸರಿಯುತ್ತಿದ್ದರು. ಮತ್ತೆ ದೋಣಿಯನ್ನು ನೋಡಿದ. ಆಮೇಲೆ ಹಿಂತಿರುಗಿ ಬಂದು, ಸೀತಾಲಕ್ಷ್ಮಮ್ಮನವರನ್ನೂ ಪದ್ಮಮ್ಮನವರನ್ನೂ ಕೈ ಹಿಡಿದು ಬಂಡೆ ಹತ್ತಿಸಿದ. ಕೋಡುಬಳೆಯ ಡಬ್ಬಿ ತೇಲಿಹೋಯಿತು.

ಭದ್ರೆಯ ಈ ಕಡವಿನಲ್ಲಿ ಒಂದು ಪದ್ಧತಿ ಇದೆ. ಸಂಜೆ ಕೊನೆಯ ಸಲ ದಾಟಿಸಿ ಬಂದ ಮೇಲೆ, ಹರಿಗೋಲನ್ನು ಬೋರಲು ಹಾಕುವ ಮೊದಲು, ಅಂಬಿಗ ಬಾಯಿಗೆ ಕೈ ಅಡ್ಡ ಹಿಡಿದು ಆಚೆ ದಡಕ್ಕೆ ಮೂರು ಸಲ ಕೂಗಬೇಕು, "ಯಾರಾದ್ರೂ ಉಳಿದಿದೀರಾ?" ಪುಟ್ಟಯ್ಯನ ಅಪ್ಪ ಕೂಗುತ್ತಿದ್ದ. ಅವನ ಅಪ್ಪನೂ ಕೂಗಿರಬೇಕು. ಜ್ವರ ಬಂದ ದಿನವೂ ಪುಟ್ಟಯ್ಯ ಕೂಗದೆ ಮಲಗಿದವನಲ್ಲ. ಯಾರನ್ನೂ ಆಚೆ ದಡದಲ್ಲಿ ಬಿಟ್ಟಿಲ್ಲ ಎನ್ನುವುದೊಂದೇ ಅವನ ಆಸ್ತಿ. ಆವತ್ತು ಬಂಡೆಯ ಮೇಲೆ ನಿಂತು ಅವನು ಮಂಜಿಯ ಕಡೆಗೆ ಕೂಗಿದ, "ಉಳಿದಿದೀವಿ, ಉಳಿದಿದೀವಿ." ಹುಟ್ಟಿದ ಮೇಲೆ ಮೊದಲ ಸಲ ಅವನು ಉಳಿದವರು ನಿಲ್ಲುವ ಆ ದಡದವನಾಗಿದ್ದ.

ಅಲೆಗಳ ಸದ್ದಿಗೆ ಕೂಗು ಅಲ್ಲಿಗೆ ಮುಟ್ಟಲಿಲ್ಲ. ನೀರು ಬಂಡೆಯ ಬುಡದವರೆಗೆ ಬಂದು, ಅಲ್ಲಿಯೇ ಗುಳುಗುಳು ಎನ್ನುತ್ತಾ ನಿಂತಿತು. ಅದು ಅಲ್ಲಿಯೇ ನಿಲ್ಲುತ್ತದೆಂದು ಇವರಿಗೆ ಏನು ಗೊತ್ತು? ಹೊತ್ತು ಇಳಿಯುವಾಗ ತಾಂಡೇಲ ಬಂದ, ಇವರು ಕಳೆದುಕೊಂಡ ಅದೇ ದೋಣಿಯಲ್ಲಿ. ಅದು ಸೆಳೆತಕ್ಕೆ ಸಿಕ್ಕಿ ತೇಲಿಕೊಂಡು ನೇರವಾಗಿ ಮಂಜಿಯ ಹತ್ತಿರಕ್ಕೇ ಹೋಗಿತ್ತು. "ದೋಣಿ ಬಂತು, ಜನ ಬರ್ಲಿಲ್ಲ ಅಂತ ನೋಡೂಕೆ ಬಂದೆ," ಎಂದ ತಾಂಡೇಲ.

ವಾಪಸು ಬರುವಾಗ ಗಂಗಾಧರಪ್ಪನವರು ಬೇಸರವಿಲ್ಲದೆ ತಿಳಿಸಿ ಹೇಳಿದರು. ಕಿತ್ತಳೆಹಣ್ಣು ಭೂಮಿ, ನಿಂಬೆಹಣ್ಣು ಚಂದ್ರ. ಚಂದ್ರ ನೀರನ್ನು ಎಳೆಯುತ್ತಾನೆ, ಅದಕ್ಕೇ ಉಬ್ಬರ ಇಳಿತ. "ಚಂದ್ರ ನಮ್ಮೂರಲ್ಲೂ ಇದಾನಲ್ಲ ಸ್ವಾಮಿ, ಭದ್ರೇನ ಯಾಕೆ ಎಳೆಯಲ್ಲ?" ಎಂದು ಪುಟ್ಟಯ್ಯ ಕೇಳಿದ. ಗಂಗಾಧರಪ್ಪನವರು ಅದಕ್ಕೂ ಕಾರಣ ಹೇಳಿದರು, ಸರಿಯಾಗಿಯೇ ಹೇಳಿದರಂತೆ, ಇವನಿಗೆ ತಲೆಗೆ ಹತ್ತಲಿಲ್ಲ. ಕೊನೆಗೆ ಭೂಮಿಯನ್ನು ಸುಲಿದು ಎಲ್ಲರಿಗೂ ಒಂದೊಂದು ತೊಳೆ ಹಂಚಿದರು. ಸೀತಾಲಕ್ಷ್ಮಮ್ಮ ತಮ್ಮ ಪಾಲಿನ ತೊಳೆಯನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡಿದ್ದರು. ಊರು ಮುಟ್ಟುವವರೆಗೂ ಮಾತಾಡಲಿಲ್ಲ.

ಭೈರಪ್ಪನವರು ಮಾತಾಡಿದರು. ಸವಳಂಗ ರಸ್ತೆಯ ಅಂಗಡಿಯಲ್ಲಿ ಅವರು ಹೇಳಿದ ಕತೆ ರೈಲು ಹತ್ತಿ ಭದ್ರಾವತಿಗೆ ಬಂತು. ಅಂಬಿಗ ಈಜಲು ಹೆದರಿ ನೀರಲ್ಲಿ ನಿಂತಿದ್ದನಂತೆ. ಬರುವ ದಾರಿಯಲ್ಲಿ ಕತೆಯೊಳಗಿನ ನೀರು ಇನ್ನಷ್ಟು ಏರಿತ್ತು, ಪುಟ್ಟಯ್ಯ ಇನ್ನಷ್ಟು ನಡುಗಿದ್ದ. ಆವತ್ತಿನಿಂದ ಸೀತಾಲಕ್ಷ್ಮಮ್ಮ ಕಡವಿಗೆ ಬಂದಿಲ್ಲ. ಶುಕ್ರವಾರ ಎತ್ತಿನ ಗಾಡಿ ಮಾಡಿಕೊಂಡು, ಸೇತುವೆ ಬಳಸಿ, ಅರ್ಧ ದಿನ ಕುಲುಕಿಸಿಕೊಂಡು ಚೌಡಮ್ಮನಿಗೆ ಹೋಗಿಬರುತ್ತಾರೆಂದು ಹೂವಮ್ಮ ಸುದ್ದಿ ತರುತ್ತಾಳೆ.

"ನಿಜಕ್ಕೂ ಹೆದರಿದೆಯಾ?" ಎಂದು ಕೇಳಿದರೆ ಪುಟ್ಟಯ್ಯ ಹರಿಗೋಲಿನೊಳಗೆ ನಿಂತ ನೀರನ್ನು ಮೊಗೆದು ಚೆಲ್ಲುತ್ತಾನೆ.

"ಆ ನೀರು ಯಾವ ಕಡೆ ಎಳೀತದೆ ಅಂತ ನಂಗೆ ಗೊತ್ತಿರಲಿಲ್ಲ. ನಾನು ದೋಣಿ ಹಿಂದೆ ಹೋಗಿ ಬರೋಕೆ ಆಗ್ದೇ ಇದ್ದಿದ್ರೆ, ಇವರು ನಾಲ್ಕು ಜನ ಆಚೆ ದಡದಲ್ಲಿ ಉಳೀತಿದ್ರು. ಜನಾನ ಬಿಟ್ಟು ದೋಣಿ ಹಿಂದೆ ಹೋಗೋದು ಹೆಂಗೆ ಅಂತ ಅನ್ನಿಸ್ತು. ಹೆದರಿಕೇನೂ ಇತ್ತು, ಸುಳ್ಳು ಯಾಕೆ ಹೇಳ್ಲಿ? ಯಾವುದು ಮುಂಚೆ ಬಂತು ಅಂತ ನಂಗೇ ತಿಳೀತಾ ಇಲ್ಲ. ಈಗಲೂ ಹುಟ್ಟು ಹಾಕ್ತಾ ಹಾಕ್ತಾ ಅದನ್ನೇ ಯೋಚನೆ ಮಾಡ್ತೀನಿ."

ಹುಚ್ಚಮ್ಮನಿಗೆ ಈ ಯೋಚನೆಯೇ ಬೇಡ. "ಸಮುದ್ರ ಸಮುದ್ರದ ಕಡೆ ಇರಲಿ. ಆ ಯಮ್ಮ ಬಂದು ಒಂದು ಸಲ ಹರಿಗೋಲಲ್ಲಿ ಕೂತ್ರೆ ಇವರು ಸರಿಹೋಗ್ತಾರೆ." ಪುಟ್ಟಯ್ಯನಿಗೇ ಏನು ಬೇಕೆಂದು ಕೇಳಿದರೂ ಅವನು ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ, ಹೆಸರು ಮಾತ್ರ ಎತ್ತುವುದಿಲ್ಲ.

ಸಂಜೆ ಕಾರ್ಖಾನೆ ಕೂಗುತ್ತದೆ. ಕರಿಯಣ್ಣ ಬರುತ್ತಾನೆ, ಖಾಲಿ ಗಡಿಗೆಗಳೊಂದಿಗೆ ಹೂವಮ್ಮ ಬರುತ್ತಾಳೆ. ಅವರನ್ನು ಆಚೆ ದಡಕ್ಕೆ ಇಳಿಸಿ ಪುಟ್ಟಯ್ಯ ಒಬ್ಬನೇ ವಾಪಸು ಬರುತ್ತಾನೆ. ಕುಲುಮೆಯ ಬೆಳಕು ಆಕಾಶದಲ್ಲಿ ಕೆಂಪಗೆ ಕಾಣುತ್ತಿದೆ. ಹಗ್ಗ ಕೈಗೆತ್ತಿಕೊಂಡವನು ಅದನ್ನು ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಾನೆ.

"ಯಾರಾದ್ರೂ ಉಳಿದಿದೀರಾ?"

ಉತ್ತರವಿಲ್ಲ. ಎರಡನೆಯ ಸಲಕ್ಕೂ ಇಲ್ಲ. ಎಷ್ಟೋ ವರ್ಷಗಳಿಂದ ಇಲ್ಲ, ಆದರೂ ಮೂರನೆಯ ಸಲ ಕೂಗುತ್ತಾನೆ.

"ನಾನಿದೀನಿ ಪುಟ್ಟಯ್ಯ."

ಆಚೆ ದಡದಿಂದ ಬಂದ ಆ ದನಿ ಕೇಳಿ ಹುಚ್ಚಮ್ಮ ಗುಡಿಸಲಿನಿಂದ ಹೊರಗೆ ಬಂದು ನಿಲ್ಲುತ್ತಾಳೆ. ಪುಟ್ಟಯ್ಯ ಹರಿಗೋಲನ್ನು ಮತ್ತೆ ನೀರಿಗೆ ನೂಕುತ್ತಾನೆ. ಆಚೆ ದಡದಲ್ಲಿ ಒಂದು ಮರದ ಕೆಳಗೆ ಸೀತಾಲಕ್ಷ್ಮಮ್ಮ ನಿಂತಿದ್ದಾರೆ, ಕೈಯಲ್ಲಿ ವೀಳ್ಯದೆಲೆ.

"ಬರೋವಾಗ ಗಾಡೀಲಿ ಬಂದೆ," ಎನ್ನುತ್ತಾರೆ ಅವರು. "ಮನೇಲಿ ಹೇಳೇ ಬಂದಿದೀನಿ, ವಾಪಸು ಪುಟ್ಟಯ್ಯನ ಜೊತೆ ಬರ್ತೀನಿ ಅಂತ. ಗಾಡಿ ಕಳಿಸಿಬಿಟ್ಟೆ. ಇದ್ದಿದ್ರೆ ಮತ್ತೆ ಅದರಲ್ಲೇ ಕೂತ್ಕೊಂಡುಬಿಡ್ತಿದ್ದೆ. ನೀನು ಕರಿಯಣ್ಣನ್ನ ಇಳಿಸಿದಾಗ ಇಲ್ಲೇ ಮರದ ಹಿಂದೆ ಇದ್ದೆ, ಕಾಲು ಬರ್ಲಿಲ್ಲ. ನೀನು ಹೊರಟುಹೋದೆ."

"ನಾನು ನೋಡ್ಲಿಲ್ಲ ಅಮ್ಮಾರೆ."

"ಪರವಾಗಿಲ್ಲ. ನೀನು ಕೂಗದೆ ಮಲಗಲ್ಲ ಅಂತ ಗೊತ್ತಿತ್ತು."

ಪುಟ್ಟಯ್ಯ ಹರಿಗೋಲನ್ನು ಕಾಲಿನಿಂದ ಒತ್ತಿ ಹಿಡಿಯುತ್ತಾನೆ. ಆಕೆ ಕೂರುತ್ತಾರೆ, ಮೊದಲ ದಿನದಂತೆಯೇ ಕಣ್ಣು ಮುಚ್ಚಿಕೊಳ್ಳುತ್ತಾರೆ. ಸ್ವಲ್ಪ ದೂರ ಬಂದ ಮೇಲೆ, ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ, "ಆವತ್ತು ಬಂಡೆ ಮೇಲೆ ಅವರೆಲ್ಲ ನೀರು ನೋಡ್ತಿದ್ರು. ನೀನು ಇದೀಯಾ ಅಂತ ನಾನು ನೋಡ್ತಿದ್ದೆ. ಅಷ್ಟೇ ನನಗೆ ಗೊತ್ತಿರೋದು."

ಪುಟ್ಟಯ್ಯ ಹುಟ್ಟು ಹಾಕುತ್ತಾನೆ. ಹಿಂದೆ ಒಂದು ದಡ ಇದೆ, ಮುಂದೆ ಒಂದು ದಡ ಇದೆ, ಅಲ್ಲಿ ಹುಚ್ಚಮ್ಮ ದೀಪ ಹಿಡಿದು ನಿಂತಿದ್ದಾಳೆ. ಇನ್ನೊಂದು ಹುಟ್ಟು, ಮತ್ತೊಂದು. ಆಮೇಲೆ ಅವನು ಕೈ ನಿಲ್ಲಿಸುತ್ತಾನೆ.

"ನಡು ಬಂತು ಅಮ್ಮಾರೆ."